ಯಾವುದನ್ನು ಇಟ್ಟುಕೊಳ್ಳುವುದು

"ಅಲ್ಲಾಡ್ಬೇಡ! ಹಾಗೇ ನಿಲ್ಲು!"

ಒರೆಸುತ್ತಿದ್ದ ಡಬ್ಬಿಯನ್ನು ಎದೆಗವುಚಿಕೊಂಡು ಅವಳು ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಗಂಡ ಮೂರು ಕಾಲಿನ ಸ್ಟ್ಯಾಂಡ್ ಊರಿ, ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ಇಣುಕುತ್ತಿದ್ದ.

"ಹಾಲು ಒಲೆ ಮೇಲಿದೆ ರೀ."

"ಉಕ್ಕಲಿ ಬಿಡು. ಉಕ್ಕಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ."

ಉಕ್ಕಿತು. ಚೆನ್ನಾಗಿಯೇ ಕಂಡಿತು. ಒಲೆ ಒರೆಸುವವಳು ಮಾತ್ರ ಅವಳೇ.

ಐದು ನಿಮಿಷದ ಚಿತ್ರ. ವಿಷಯ, ನಮ್ಮ ಮನೆ. ಸ್ಪರ್ಧೆಗೆ ಕಳಿಸಲು ಅಂದೇ ಕಡೆಯ ದಿನ. ಗೆದ್ದರೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ಅಂಗಡಿಗೆ ಬೀಗ ಜಡಿದು ಸಿನಿಮಾದವರ ಜೊತೆ ಸೇರಿಬಿಡಬಹುದೆಂಬುದು ಅವನ ಕನಸು. ಆದರೆ ಕ್ಯಾಮೆರಾ ಇನ್ನೂ ತೀರ್ಮಾನವಾಗಿರಲಿಲ್ಲ. ನೋಡಲೆಂದು ತಂದ ಎರಡರಲ್ಲಿ ಒಂದನ್ನು ಮಧ್ಯಾಹ್ನದೊಳಗೆ ಹಿಂತಿರುಗಿಸಬೇಕಿತ್ತು. ಊಟದ ಮೇಜು ಲೆನ್ಸು, ದೀಪ, ವೈರುಗಳ ಪಾಲಾಗಿ ವರ್ಷವಾಗಿತ್ತು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತಿದ್ದರು.

ಅವನು ಅವಳ ಏಪ್ರನ್ನಿಗೆ ಕೋಟಿನ ಗುಂಡಿಯಷ್ಟೇ ಇದ್ದ, ವೈರಿಲ್ಲದ ಮೈಕು ಸಿಕ್ಕಿಸಿದ. ಹೆಡ್‌ಫೋನನ್ನು ಮಗಳ ಕಿವಿಗೇರಿಸಿದ. ಪುಟ್ಟಿಗೆ ಅದು ದೊಡ್ಡದು, ಕೆನ್ನೆಯವರೆಗೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.

"ಅಮ್ಮನ ದನಿ ಕೇಳಿಸ್ತಿದ್ರೆ ಹೆಬ್ಬೆರಳು ಎತ್ತಬೇಕು. ಮಾತಾಡ್ಬಾರ್ದು. ಮಾತಾಡಿದ್ರೆ ಶಾಟ್ ಹಾಳು. ತಿಳೀತಾ?"

ಹೆಬ್ಬೆರಳು ಮೇಲೆದ್ದಿತು.

ಯಾವ ಕ್ಯಾಮೆರಾದ ಲೆನ್ಸು ಚುರುಕು ಎಂದು ನೋಡಲು ಅವನಿಗೆ ಸಣ್ಣ ಅಕ್ಷರಗಳು ಬೇಕಿದ್ದವು. ಕಪಾಟಿನಲ್ಲಿ ಸಾಲಾಗಿ ಸಿಕ್ಕವು. ಪ್ರತಿ ಡಬ್ಬಿಯ ಮೇಲೂ ಹೊಸ ಚೀಟಿ ಅಂಟಿತ್ತು. ಉಪ್ಪು. ಸಕ್ಕರೆ. ಚಹಾಪುಡಿ.

"ಕತ್ತಲಲ್ಲೂ ಕೈಹಾಕಿ ಉಪ್ಪು ತೆಗೆಯೋಳು ನೀನು. ಈಗ್ಯಾಕೆ ಚೀಟಿ?"

"ನಿಮಗೆ ಗೊತ್ತಾಗ್ಲಿ ಅಂತ."

"ಗೊತ್ತಾಯ್ತು ಕಣೇ! ಈ ಲೆನ್ಸಲ್ಲಿ 'ಉಪ್ಪು' ಎಷ್ಟು ಸ್ಪಷ್ಟ ನೋಡು. ಆ ಇನ್ನೊಂದರಲ್ಲಿ ಅಂಚು ಮಸುಕು."

ಅವನಿಗೆ ಖುಷಿಯೋ ಖುಷಿ. ಹೊಸ ವೈರು ಕಂಡರೂ ಮೂತಿ ತಿರುಗಿಸುತ್ತಿದ್ದ ಹೆಂಡತಿ ಈ ವಾರ ದಾರಿಗೆ ಬಂದಿದ್ದಳು. ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ, ತಿಂಗಳಿಗಾಗುವಷ್ಟು ಪೇರಿಸಿಟ್ಟಿದ್ದಳು. ಸಿಲಿಂಡರ್ ಬದಲಿಸುವುದು ಹೇಗೆಂದು ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿಕೊಟ್ಟಿದ್ದಳು. ಆ ಪಾಠವನ್ನೂ ಅವನು ರೆಕಾರ್ಡ್ ಮಾಡಿಕೊಂಡಿದ್ದ. ಕಲಿಯಲಿಕ್ಕಲ್ಲ, ಕೆಂಪು ಬಣ್ಣ ಹೇಗೆ ಬರುತ್ತದೆಂದು ನೋಡಲಿಕ್ಕೆ.

"ಯಾವುದು ಇಟ್ಕೊಳ್ಳಲಿ, ನೀನೇ ಹೇಳು."

"ನಿಮಗೆ ಯಾವುದು ಬಿಟ್ಟಿರೋಕಾಗಲ್ವೋ ಅದನ್ನ ಇಟ್ಕೊಳ್ಳಿ."

ಅವಳ ಫೋನು ಅದುರಿತು. ಅಕ್ಕ. ಅವಳು ಏಪ್ರನ್ನಿನಲ್ಲೇ ಹಿಂದಿನ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಳು. ಅವನು ಸ್ಟ್ಯಾಂಡಿಗೆ ಎರಡನೆಯ ಕ್ಯಾಮೆರಾ ಏರಿಸುವುದರಲ್ಲಿ ಮುಳುಗಿದ.

ಪುಟ್ಟಿಯ ಹೆಬ್ಬೆರಳು ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಇಳಿಯಿತು.

"ಏನೇ, ಸೌಂಡ್ ಹೋಯ್ತಾ?"

ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ? ಎತ್ತು ಬೆರಳು."

ಎತ್ತಿದಳು. ಏನೋ ಕೇಳಲು ಬಾಯಿ ತೆರೆದಳು.

"ಶ್! ನಾನು ಕಟ್ ಅನ್ನೋವರೆಗೂ ಪಿಟಿಕ್ ಅನ್ಬಾರ್ದು."

ಬಾಲ್ಕನಿಯ ಬಾಗಿಲು ತೆರೆಯಿತು. ಅವಳು ಬಂದು ಮಗಳ ಮುಂದೆ ಮಂಡಿಯೂರಿ, ಹೆಡ್‌ಫೋನಿನಡಿ ಸಿಕ್ಕ ಕೂದಲನ್ನು ಬಿಡಿಸಿ ಕಿವಿಯ ಹಿಂದೆ ಸರಿಸಿದಳು. ಕೈ ಅಲ್ಲೇ ಉಳಿಯಿತು.

"ಆಹಾ, ಅಲ್ಲೇ ಇರು!" ಅವನು ಉಸಿರು ಬಿಗಿಹಿಡಿದು ಫೋಕಸ್ ತಿರುಗಿಸಿದ. "ಕಣ್ಣಲ್ಲಿ ಎಂಥ ಹೊಳಪು ಬಂದಿದೆ! ಕಿಟಕಿ ಬೆಳಕು ಅಂದ್ರೆ ಇದು!"

ತೀರ್ಮಾನವಾಗಿಹೋಯಿತು. ಎರಡನೆಯ ಕ್ಯಾಮೆರಾವೇ.

"ಇದೇ ಇರ್ಲಿ. ರೆಪ್ಪೆ ಕೂದಲು ಕೂಡ ಎಣಿಸ್ಬಹುದು. ಇದರ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ."

ಮೊದಲನೆಯದನ್ನು ಡಬ್ಬಕ್ಕೆ ಸೇರಿಸಿ ಮುಚ್ಚಳ ಮುಚ್ಚಿದ. ಆಮೇಲೆ ಕುರ್ಚಿಯಲ್ಲಿ ಕುಸಿದು ಕುಳಿತ.

"ಕ್ಯಾಮೆರಾ ಏನೋ ಸಿಕ್ತು. ಕಥೆಗೆ ಎಲ್ಲಿಗೆ ಹೋಗ್ಲಿ? ಈ ಮನೇಲಿ ಬೆಳಗಾದ್ರೆ ಹಾಲು ಉಕ್ಕುತ್ತೆ, ಅಷ್ಟೇ. ಇನ್ನೇನು ನಡೆಯುತ್ತೆ ಅಂತ ತೆಗೀಲಿ? ಕಟ್, ಕಟ್."

ಅಪ್ಪ ಕಟ್ ಎಂದದ್ದು ಪುಟ್ಟಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕೊರಳಿಗಿಳಿಸಿದಳು. ಅಮ್ಮನ ಮುಖ ನೋಡಿದಳು. ಏಪ್ರನ್ನಿನ ಮೇಲಿದ್ದ ಆ ಗುಂಡಿಮೈಕು ನೋಡಿದಳು. ಅಮ್ಮನ ಕೈ ತಟ್ಟನೆ ಅದನ್ನು ಮುಚ್ಚಿಕೊಂಡಿತು.

"ಅಪ್ಪಾ, ನಾಳೆ ನಾನೂ ಅಮ್ಮನೂ ನಿನ್ನ ಬಿಟ್ಟು ದೊಡ್ಡಮ್ಮನ ಮನೇಲೇ ಇರೋಕೆ ಹೋಗ್ತೀವಲ್ಲ, ಅದನ್ನ ಯಾವ ಕ್ಯಾಮೆರಾದಲ್ಲಿ ತೆಗೀತೀಯ?"