ಭಂಡಾರ ಬಿದ್ದ ಮೊನೆ

"ಸರ್, ಭಂಡಾರ ತೂರಬ್ಯಾಡ್ರಿ! ಮುಚ್ಚಳ ತೆರದೈತಿ, ಮೊನೆ ಬಿಚ್ಚಿಡ್ತೀನ್ರಿ," ಎನ್ನುತ್ತ ಸಪನಾ ಸೂಕ್ಷ್ಮದರ್ಶಕದತ್ತ ಕೈಚಾಚಿದಳು. ವಸ್ತುವನ್ನು ತಡವಿ ಚಿತ್ರ ಮೂಡಿಸುವ ಅದರ ಸೂಜಿಮೊನೆಗೆ, ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕಾರ್ಬನ್ ನ್ಯಾನೋಟ್ಯೂಬೊಂದನ್ನು ಅವಳು ತಿಂಗಳುಗಟ್ಟಲೆ ಹೆಣಗಿ ಅಂಟಿಸಿದ್ದಳು. ನಾಳೆ ಪರೀಕ್ಷಕರೆದುರು ಅದರಿಂದಲೇ ಚಿತ್ರ ತೆಗೆದು ತೋರಿಸಬೇಕಿತ್ತು.

ನಿಪ್ಪಾಣಿಯ ಆ ಕಾಲೇಜಿನಲ್ಲಿ ಅಂದು ಖಂಡೇಪೂಜೆ, ಯಂತ್ರಗಳಿಗೆಲ್ಲ ಆಯುಧಪೂಜೆ. ಅವಳ ಮಾರ್ಗದರ್ಶಕ ದುಂಡೇಶ ಸರ್ ಅಡ್ಡ ನಿಂತರು. "ಏ ಸಪನಾ, ಹಿಂದ ಸರಿ. ನಿಮ್ಮ ಮಂದಿ ಮುಟ್ಟಿದ್ರ ಪೂಜಿ ಕೆಡತೈತಿ. ದೇವರ ಭಂಡಾರಕ್ಕ ಮಶಿನ್ ಕೆಡತೈತೇನು?"

ಅವರು ತೂರಿದ ಹಿಡಿ ಭಂಡಾರ, ಅರಿಷಿಣದ ಪುಡಿ, ಯಂತ್ರದೊಳಗೆಲ್ಲ ಬಿತ್ತು. ಆಮೇಲೆ ಸರ್ ಗುಂಡಿ ಒತ್ತಿದರೆ ಪರದೆಯ ಮೇಲೆ ಬರಿಯ ಗೆರೆಗಳು, ಚಿತ್ರವಿಲ್ಲ.

ಅವರು ಕೈ ಒರೆಸಿಕೊಳ್ಳುತ್ತ ನಕ್ಕರು. "ಅದಕ್ಯಾಕ ಅಳ್ತೀ? ಪೂಜಿ ಮುಗೀತಲ್ಲ. ಬಾ, ಈಗ ಮುಟ್ಟು. ಮತ್ತೊಂದು ಅಂಟಸು."