ಡ್ರಾಯರು ಸೇರಿದ ಮೌಸು

ಬ್ಯಾಂಕಿನ ಮೇಡಂ ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ, ಕಂಪ್ಯೂಟರಿನಿಂದ ಮೌಸಿನ ವೈರು ಕಿತ್ತು, ಸುತ್ತಿ, ಡ್ರಾಯರಿಗೆ ಹಾಕಿ ಮುಚ್ಚಿದ್ದನ್ನು ಎದುರು ಕೂತಿದ್ದ ಹುಡುಗಿ ನೋಡಿದಳು. ಮುಗಿಯಿತು, ಎದ್ದು ಹೋಗು ಅಂತ ಅರ್ಥ. ಐವತ್ತೆಂಟು ಪರ್ಸೆಂಟಿನವಳು ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸಂದರ್ಶನದವರೆಗೆ ಬಂದದ್ದೇ ಹೆಚ್ಚು. ಕಾಲೇಜಿನ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದು ಸುಮ್ಮನೆಯೇ? ಅವಳು ಮೆಲ್ಲಗೆ ಬ್ಯಾಗಿಗೆ ಕೈ ಹಾಕಿದಳು.

"ಎಲ್ಲಿಗೆ ಹೊರಟ್ರಿ? ಈ ಫೈಲಲ್ಲಿರೋ ಕಂಪನಿಯ ಬೆಲೆ ಎಷ್ಟಾಗುತ್ತೆ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ತೋರಿಸಿ. ನಮ್ಮಲ್ಲಿ ಮೌಸ್ ಮುಟ್ಟೋ ಹಾಗಿಲ್ಲ, ಕೆಲಸ ನಿಧಾನ ಆಗುತ್ತೆ. ಬೆಳಗಿಂದ ರ‍್ಯಾಂಕ್ ಬಂದೋರೆಲ್ಲ ಇಲ್ಲೇ ತಡವರಿಸಿದ್ರು."

ಹುಡುಗಿ ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟಳು. ಸಾಲಿನಿಂದ ಸಾಲಿಗೆ, ಹಾಳೆಯಿಂದ ಹಾಳೆಗೆ ಅವು ತಾವಾಗಿಯೇ ಓಡಿದವು. ನಡುವೆ ಒಮ್ಮೆ ಯಾವುದೋ ತಪ್ಪು ಕೀ ಒತ್ತಿ ಪರದೆ ಖಾಲಿಯಾಯಿತು. ಇನ್ನೇನು ಅಳು ಬಂತು ಎನ್ನುವಷ್ಟರಲ್ಲಿ ಬೆರಳುಗಳೇ ಎಲ್ಲವನ್ನೂ ಮರಳಿ ತಂದವು. ಮೇಡಂ ಕುರ್ಚಿ ಎಳೆದುಕೊಂಡು ಹತ್ತಿರ ಬಗ್ಗಿದರು. ಎಲ್ಲಿ ತಪ್ಪಿದೆನೋ ಎಂದು ಹುಡುಗಿ ಪರದೆಯನ್ನು ಮತ್ತೆ ಮೇಲಿನಿಂದ ನೋಡತೊಡಗಿದಳು.

"ಇದನ್ನ ಯಾವ ಕೋಚಿಂಗ್‌ನಲ್ಲಿ ಕಲಿತ್ರಿ?"

ಸುಳ್ಳು ಹೇಳೋಣವೆಂದರೆ ಒಂದು ಹೆಸರೂ ನೆನಪಾಗಲಿಲ್ಲ. "ಕೋಚಿಂಗ್ ಏನಿಲ್ಲ ಮೇಡಂ. ನಮ್ಮನೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೆಟ್ಟು ವರ್ಷ ಆಯ್ತು. ಮೌಸ್ ಸಿಕ್ಕಿಸೋ ಜಾಗಾನೂ ಸಡಿಲ, ನಿಲ್ಲಲ್ಲ. ಎಲ್ಲಾ ಕೀಬೋರ್ಡಲ್ಲೇ ಮಾಡ್ಕೋಬೇಕು. ಅಪ್ಪ ರಿಪೇರಿ ಮಾಡಿಸ್ತೀನಿ ಅಂತಾನೇ ಇದ್ದಾರೆ."

ಮೇಡಂ ಅಂಕಪಟ್ಟಿಯನ್ನು ಎತ್ತಿ ಮೇಜಿನ ಮೇಲೆ ಬೋರಲು ಹಾಕಿದರು.

"ಅಪ್ಪಂಗೆ ಹೇಳಿಬಿಡಿ, ರಿಪೇರಿ ಬೇಡ."