ಎರಡನೆಯ ಸೌಟು

"ಕೈ ತೆಗಿಯಮ್ಮ, ಮೇಡಂ ನೋಡ್ತಿದಾರೆ" ಎಂದಳು ಪಂಕಜಾ, ಎರಡನೆಯ ಸಲ.

ಅಂಗನವಾಡಿಯ ಸೂರಿಗೆ ಕಟ್ಟಿದ್ದ ತೂಕದ ಜೋಳಿಗೆಯಲ್ಲಿ ಕೂಸು ಕಾಲಾಡಿಸುತ್ತ ನೇತಾಡುತ್ತಿತ್ತು. ಅದರ ಕುಂಡೆಯ ಕೆಳಗೆ ತಾಯಿ ಹುಲಿಗೆಮ್ಮನ ಅಂಗೈ. ಉಳಿದ ತಾಯಂದಿರು ಯಾರಿಗೂ ಕಾಣದ ಹಾಗೆ ಮಗುವಿನ ಕಾಲನ್ನು ಕೆಳಕ್ಕೆ ಜಗ್ಗುವವರು. ತಕ್ಕಡಿಯ ಮುಳ್ಳು ಒಂದಿಷ್ಟು ಮುಂದೆ ಹೋಗಲಿ, ಬೈಗುಳ ತಪ್ಪಲಿ ಎಂದು. ಇವಳು ಮೇಲಕ್ಕೆ ಎತ್ತಿ ಹಿಡಿದಿದ್ದಳು.

"ತಗೀತೀನ್ರೀ. ಆರಕ್ಕ ನಿಂದ್ರಸ್ರೀ ಅಕ್ಕಾರ."

ಪಂಕಜಾ ತಾನೇ ಆ ಕೈ ಹಿಡಿದು ಸರಿಸಿದಳು. ಮುಳ್ಳು ನಡುಗುತ್ತ ಏಳು ದಾಟಿ, ಮೂರು ಗೆರೆ ಮುಂದೆ ಹೋಗಿ ನಿಂತಿತು. ಆರು ತಿಂಗಳ ಹಿಂದೆ ಇದೇ ಜೋಳಿಗೆಯಲ್ಲಿ, ಒದ್ದೆ ಬಟ್ಟೆ ಹಾಕಿಟ್ಟಂತೆ ಬಿದ್ದಿತ್ತು ಈ ಕೂಸು. ಆಗ ನಾಲ್ಕು ಕಿಲೋ ಎಂಟುನೂರು.

"ವಾಹ್, ಮಹಂತ್‌ಜೀ!" ಎಂದು ಸೂಪರ್‌ವೈಸರ್ ಸುಮಿತ್ರಾ ಮೇಡಂ ಚಪ್ಪಾಳೆ ತಟ್ಟಿದರು. ಕೂಸಿನ ಮಹಂತೇಶ ಎಂಬ ಹೆಸರು ಅವರ ಬಾಯಲ್ಲಿ ಎಂದೂ ಪೂರ್ತಿಯಾದದ್ದಿಲ್ಲ. "ಇಷ್ಟು ಹೊಟ್ಟೆ ಬೆಳೆಸಿದ್ದೀರಿ, ಇನ್ನು ಮಠ ಕಟ್ಟುವುದೊಂದೇ ಬಾಕಿ!" ಹೇಳಿದ್ದೆಲ್ಲ ಹಿಂದಿಯಲ್ಲಿ; ಅವರಿಗೆ ಕನ್ನಡ ಬಾರದು. ಹುಲಿಗೆಮ್ಮನಿಗೆ ಹಿಂದಿ ಬಾರದು. ಕೊಪ್ಪಳದ ಕಡೆಯಿಂದ ಈ ಹಿಂದಿ ಊರಿಗೆ ಕಟ್ಟಡದ ಕೆಲಸಕ್ಕೆಂದು ಬಂದು ವರ್ಷವಾದರೂ ಅವಳು ಕಲಿತ ಹಿಂದಿ ಎರಡೇ ಮಾತು. ಅದೂ ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ಗೇಟಿನ ವಾಚ್‌ಮನ್‌ಗಳು ಕಲಿಸಿದ್ದು. ಹೀಗಾಗಿ ಆರ್.ಕೆ.ಪುರಂ ಕ್ವಾರ್ಟರ್ಸಿನ ಹಿಂದಿನ ಈ ಝುಗ್ಗಿ ಗುಡಿಸಲುಗಳಲ್ಲಿ ಅವಳಿಗೆ ಮಾತಾಡಲು ಇದ್ದವಳು ಪಂಕಜಾ ಒಬ್ಬಳೇ. ನಾಲೆಯ ಆಚೆ, ಕ್ವಾರ್ಟರ್ಸಿನಲ್ಲಿರುವ ಪ್ಯೂನ್ ಕೆಂಪಣ್ಣನ ಹೆಂಡತಿ, ಅಂಗನವಾಡಿ ಟೀಚರು, ಮತ್ತು 'ನಮ್ಮ ಕಡೆಯವರು'.

ಬಹುಮಾನಕ್ಕೆ ಹೆಸರು ಬರೆದುಕೊಟ್ಟವಳೂ ಈ ನಮ್ಮ ಕಡೆಯವಳೇ. ಹತ್ತೊಂಬತ್ತು ಅಂಗನವಾಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಏರಿಸಿಕೊಂಡ ಮಗುವಿಗೆ ಇವತ್ತು ಬಹುಮಾನ. ಬಹುಮಾನ ಕೊಡುವ ಫೋಟೋಗೆ ಯಾವ ಸೀರೆ ಉಡಲಿ ಎಂದು ಕೆಂಪಣ್ಣನನ್ನೂ ಕೇಳಿದ್ದಳು. ಕಾರ್ಡಿನ ಕೆಂಪು ಗೆರೆಯ ಕೆಳಗಿರುವ ಮಕ್ಕಳಿಗೆ ದಲಿಯಾ, ಅಂದರೆ ಗೋಧಿನುಚ್ಚಿನ ಗಂಜಿ, ಎರಡು ಸೌಟು, ಮೇಲೆ ಬಂದವರಿಗೆ ಒಂದು. ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ದಿನಾ ಬಡಿಸುವವಳು ಅವಳೇ. ಎರಡನೆಯ ಸೌಟು ಯಾರ ಹೊಟ್ಟೆ ಸೇರುತ್ತಿತ್ತು ಎನ್ನುವುದೂ ಗೊತ್ತಿತ್ತು. ಹೋಳಿಯ ಹೊತ್ತಿಗೆ ಹುಲಿಗೆಮ್ಮನ ದೊಡ್ಡ ಮಗಳು ಶಾರದಾಳಿಗೆ ಆರು ತುಂಬಿತ್ತು. ಆರು ತುಂಬಿದವರಿಗೆ ಇಲ್ಲಿ ಊಟವಿಲ್ಲ. ರಿಜಿಸ್ಟರಿನಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದದ್ದು ಪಂಕಜಾಳ ಪೆನ್ನೇ. ಊರಿನ ಕಾಗದ ತಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು ಶಾಲೆಯವರು. ಕಾಗದ ಇನ್ನೂ ಬಂದಿರಲಿಲ್ಲ.

ಹುಲಿಗೆಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡಳು. ದನಿ ಏರಿಸಲಿಲ್ಲ.

"ಶಾರಿ ಏನ್ ತಿನ್ಬೇಕ್ರೀ?"

"ದಲಿಯಾ ಲೆಕ್ಕ ಹಾಕೇ ಕಳಿಸ್ತಾರೆ ಕಣಮ್ಮ. ನಿಂಗೆ ಜಾಸ್ತಿ ಹಾಕಿದ್ರೆ ಇನ್ನೊಂದು ಮಗೂಗೆ ಇರಲ್ಲ."

"ಹಂಗಾರ ತೂಕ ಕಮ್ಮಿ ಬರೀರಿ. ಏಳು ಇದ್ದದ್ದು ಆರು ಬರದ್ರ ಯಾರಪ್ಪನ ಗಂಟು ಹೋಗ್ತೈತಿ?"

"ಮೇಡಂ ಕಣ್ಣೆದುರಿಗೇ ಇದಾರಲ್ಲ!"

"ಅವರು ಈ ತಿಂಗಳು ಅದಾರ. ಮುಂದಿನ ತಿಂಗಳು?" ಹುಲಿಗೆಮ್ಮ ಕೂಸಿನ ಕೆನ್ನೆಯ ಮೇಲಿನ ಜೊಲ್ಲನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು. "ಏರಿಸಾಕ ಆರು ತಿಂಗಳು ಹಿಡೀತು. ಇಳಸಾಕ ಅಷ್ಟು ದಿನ ಬ್ಯಾಡ್ರೀ. ಇಳಿಸ್ಕೊಂಡು ತಂದ್ರ ಮತ್ತ ಎರಡು ಸೌಟು ಹಾಕ್ತೀರೇನು?"

ಕೂಸು ಪಂಕಜಾಳ ಬಳೆಗೆ ಕೈಚಾಚಿ ಕೇಕೆ ಹಾಕಿತು.

"ಕ್ಯಾ ಬೋಲ್ ರಹೀ ಹೈ?" ಏನೆನ್ನುತ್ತಿದ್ದಾಳೆ ಇವಳು ಎಂದು ಕ್ಯಾಮೆರಾ ಸರಿಮಾಡಿಕೊಳ್ಳುತ್ತ ಮೇಡಂ ಕೇಳಿದರು.

ಪಂಕಜಾ ಕಾರ್ಡನ್ನು ಅವರ ಕೈಗೆ ಕೊಟ್ಟಳು. "ಬಹುತ್ ಖುಶ್ ಹೈ, ಮೇಡಂ."

"ಅಚ್ಛಾ, ಚಲೋ ಚಲೋ." ಮೇಡಂ ಕಾರ್ಡಿನ ಮೇಲೆ ಏಳು ಮುನ್ನೂರು ಎಂದು ಬರೆದರು. ಎರಡು ಸೌಟಿನವರ ಡಬಲ್ ಪಟ್ಟಿಯಲ್ಲಿ ಬೆರಳಾಡಿಸಿ ಹೆಸರು ಹುಡುಕಿ ಹೊಡೆದುಹಾಕಿದರು. ಆಮೇಲೆ ಬ್ಯಾಗಿನಿಂದ ಬಣ್ಣದ ಕಾಗದ ಸುತ್ತಿದ ಬಹುಮಾನ ತೆಗೆದು, ಕಾಗದವನ್ನು ತಾವೇ ಹರಿದರು. ಸ್ಟೀಲಿನ ಬಟ್ಟಲು. ಅಂಚಿನ ಸುತ್ತ ಏನೋ ಅಕ್ಷರ ಕೊರೆದಿತ್ತು. ಅದನ್ನು ಪಂಕಜಾಳ ಕೈಗೆ ಕೊಟ್ಟು, ನೀನು ಕೊಡು, ಅವಳು ತಗೊಳ್ಳಲಿ, ಇಬ್ಬರೂ ಈ ಕಡೆ ನೋಡಿ ನಗಬೇಕು ಎಂದು ಹಿಂದೆ ಹಿಂದೆ ಸರಿದರು.

ಪಂಕಜಾ ಬಟ್ಟಲು ಮುಂದೆ ಚಾಚಿದಳು. ಹುಲಿಗೆಮ್ಮ ಬಗ್ಗಿ ಅದರೊಳಗೆ ನೋಡಿದಳು. ಏನಾದರೂ ಇರಬಹುದೆಂಬಂತೆ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಪಂಕಜಾಳನ್ನು ಬಿಟ್ಟು, ಕ್ಯಾಮೆರಾದ ಹಿಂದಿದ್ದ ಮೇಡಂ ಕಡೆಗೆ ತಿರುಗಿದಳು.

"ನಹೀ ಚಾಹಿಯೇ" ಎಂದಳು. ಬೇಡ ಎಂದು ವಾಚ್‌ಮನ್‌ಗಳು ಗೇಟಿನೊಳಗಿನಿಂದ ಹೇಳುತ್ತಾರಲ್ಲ, ಹಾಗೆ.